ಇಳ್ತದ ಹಾಜರಿ

ನಮ್ಮ ಹೈಸ್ಕೂಲಿನ ಹಳೆಯ ಹಾಜರಿ ಪುಸ್ತಕದಲ್ಲಿ ಪೆನ್ನಿನಿಂದ ಬರೆದವಳು ನಾನೇ. ಎಂಬತ್ತು ದಾಟಿದ ಮುದುಕಿ, ಬುದ್ಧಿ ನೆಟ್ಟಗಿಲ್ಲ, ಬಿಟ್ಟುಬಿಡಿ ಎಂದು ಕೆಲವರು ನನ್ನ ಪರ ವಹಿಸಿ ಮಾತಾಡಿದ್ದಾರಂತೆ. ಆ ಉಪಕಾರ ನನಗೆ ಬೇಡ. ನನ್ನ ಬುದ್ಧಿ ಅವತ್ತು ಸರಿಯಾಗಿಯೇ ಇತ್ತು. ಕ್ಷಮೆ ಕೇಳಿ ಎರಡು ಸಾಲು ಬರೆದುಕೊಟ್ಟರೆ ಸಾಕು ಎಂದು ಶಾಲೆಯಿಂದ ಹೇಳಿ ಕಳಿಸಿದರು. ಎರಡು ಸಾಲಿನ ಬದಲು ಇಷ್ಟು ಬರೆಯುತ್ತಿದ್ದೇನೆ, ಇದರಲ್ಲಿ ಕ್ಷಮೆ ಎಲ್ಲಿಯೂ ಇಲ್ಲ.

ಹಳೆ ವಿದ್ಯಾರ್ಥಿಗಳ ಸಮಾರಂಭಕ್ಕೆ ಕರೆದಿದ್ದರು, ಹೋಗಿದ್ದೆ. ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದೆಸಿದರು. ವೇದಿಕೆಯ ಮೇಲಿನ ಅತಿಥಿಯೊಬ್ಬರು ಮೈಕಿನ ಮುಂದೆ, "ಆಗಿನ ವಿದ್ಯಾರ್ಥಿಗಳು ಎಷ್ಟು ವಿನಯವಂತರು! ಗುರುಗಳ ಮಾತಿಗೆ ಎದುರಾಡಿದ್ದುಂಟೇ?" ಎಂದು ಶುರುಮಾಡಿದರು. ಅದೇ ಹೊತ್ತಿಗೆ ಪಡುವಣ ಕಿಟಕಿಯಿಂದ ವಾಸನೆಯೊಂದು ಒಳಗೆ ಬಂತು. ಹೊಳೆಯ ನೀರು ಇಳಿದಾಗ ದಂಡೆಯ ಕೆಸರು ಬಿಸಿಲಿಗೆ ಬಿದ್ದು ಬರುವ ವಾಸನೆ ಅದು, ಉಪ್ಪು, ಮಳಿ ಎಂಬ ಚಿಪ್ಪುಮೀನು, ಕೊಳೆತ ತೆಂಗಿನ ಸಿಪ್ಪೆ ಎಲ್ಲ ಸೇರಿದ್ದು. ನನ್ನ ಪಕ್ಕದಲ್ಲಿದ್ದವರು ಮೂಗಿಗೆ ಕರ್ಚೀಫು ಹಿಡಿದರು. ನಾನು ಮಾತ್ರ ಶಾಲು ತೆಗೆದು ಕುರ್ಚಿಗೆ ಹಾಕಿ, ಎದ್ದು ಹೋಗಿ, ಹಾಜರಿ ಪುಸ್ತಕಗಳನ್ನು ನೋಡಲು ಇಟ್ಟಿದ್ದ ಕೋಣೆಗೆ ನಡೆದೆ. ವಿನಯ ಎಂದರೆ ಏನೆಂದು ಆ ಅತಿಥಿಗೆ ತೋರಿಸುವ ಪುಟ ಅಲ್ಲಿತ್ತು.

ಅದು ಸಾವಿರದ ಒಂಬೈನೂರ ನಲವತ್ತಮೂರರ ಮಳೆಗಾಲ. ನಾನಾಗ ಸಿಕ್ಸ್ತ್ ಫಾರಮ್ಮಿನಲ್ಲಿದ್ದೆ, ಎಂದರೆ ಹೈಸ್ಕೂಲಿನ ಕೊನೆಯ ವರ್ಷ. ಹೆಸರು ಪದ್ಮಾವತಿ, ಎಲ್ಲರ ಬಾಯಲ್ಲಿ ಪದ್ದು. ನಮ್ಮ ಮನೆ ಹೊಳೆಯ ನಡುವಿನ ಒಂದು ಕುದ್ರುವಿನಲ್ಲಿತ್ತು. ಕುದ್ರು ಎಂದರೆ ಸುತ್ತ ನೀರು, ನಡುವೆ ಮೂವತ್ತು ಮನೆ, ಉಳಿದದ್ದು ತೆಂಗು. ಅಲ್ಲಿಂದ ಕುಂದಾಪುರದ ಹೈಸ್ಕೂಲಿಗೆ ಐದು ಜನ ಹೋಗುತ್ತಿದ್ದೆವು, ನಾಲ್ಕು ಹುಡುಗರು ಮತ್ತು ನಾನು, ಐವರೂ ಒಂದೇ ತರಗತಿ. ದಾಟಿಸುವವನು ದೋಣಿಯ ಶೀನಣ್ಣ. ಓದು ಬರಹ ಬಾರದ ಮನುಷ್ಯ, ಆದರೆ ಹೊಳೆ ಯಾವ ಹೊತ್ತಿಗೆ ಏನು ಮಾಡುತ್ತದೆ ಎಂದು ಹೊಳೆಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು.

ನನ್ನ ಅಪ್ಪಯ್ಯ ನಾನು ಫಸ್ಟ್ ಫಾರಮ್ಮಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ಮನೆಯ ಯಜಮಾನಿಕೆ ಯಡ್ತರೆಯ ದೊಡ್ಡ ಮಾವನದು, ಅಬ್ಬಿಯ ಅಣ್ಣ. ಅಮ್ಮನನ್ನು ನಾವು ಅಬ್ಬಿ ಎನ್ನುತ್ತಿದ್ದೆವು. ಮಾವ ಕೆಟ್ಟವರಲ್ಲ, ಆದರೆ ಹೆಣ್ಣುಮಕ್ಕಳ ಓದು ಅವರಿಗೆ ಮೂಗಿಗಿಂತ ಮೂಗುತಿ ಭಾರ ಎನಿಸಿತ್ತು. ಆ ಜೂನಿನಲ್ಲಿ ಬಂದವರು ಚಾವಡಿಯಲ್ಲಿ ಕೂತು ತೀರ್ಪು ಕೊಟ್ಟೇಬಿಟ್ಟರು.

"ಕಾಣ್ ತಂಗಿ, ಈ ಸರ್ತಿ ಪರೀಕ್ಷಿಗ್ ಕೂಕಂಡ್ರೆ ಕೂಕಣ್ಲಿ. ಪಾಸಾರೆ ಮುಂದಿನ್ ಮಾತ್ ಕಾಂಬ. ಇಲ್ದಿರೆ ಬೇಸಗಿಯಂಗೆ ಗುಲ್ವಾಡಿ ಸಂಬಂಧ ಮಾತಾಡಿ ಮುಗ್ಸುದೆ. ಇನ್ನೊಂದ್ ವರ್ಷ ಅಂಬ್ದ್ ಇಲ್ಲೆ."

ನನಗೆ ಟ್ರೈನಿಂಗ್ ಮಾಡಿ ಟೀಚರಾಗಬೇಕಿತ್ತು. ಗುಲ್ವಾಡಿಯ ಹುಡುಗ ಹೇಗಿದ್ದನೋ, ಒಳ್ಳೆಯವನೇ ಇದ್ದಿರಬಹುದು. ನಾನು ಅವನ ಮುಖ ನೋಡದೆಯೇ ಅವನ ಮೇಲೆ ಸಿಟ್ಟು ಇಟ್ಟುಕೊಂಡೆ.

ಪರೀಕ್ಷೆಯ ಭಯ ನನಗಿರಲಿಲ್ಲ. ಇದ್ದದ್ದು ಹಾಜರಿಯ ಭಯ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಹೆಸರೇ ಹೋಗುವುದಿಲ್ಲ. ಅದರ ಹಿಂದಿನ ವರ್ಷ ಸರ್ಕಾರ ಯುದ್ಧದ ಕಾರಣಕ್ಕೆ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಿತ್ತು. ಅಕ್ಕಿಗೆ ರೇಷನ್, ಸೀಮೆಎಣ್ಣೆಗೆ ಬರ, ಬಟ್ಟೆಗೆ ಕಂಟ್ರೋಲು, ಅದರ ಮೇಲೆ ಈ ಹೊಸ ಗಂಟೆ. ಪೇಟೆಯವರಿಗೆ ಅದರಿಂದ ಏನೂ ಆಗಲಿಲ್ಲ, ಒಂದು ಗಂಟೆ ಬೇಗ ಎದ್ದರು. ಆದರೆ ಹತ್ತಕ್ಕೆ ಹೊಡೆಯುವ ಶಾಲೆಯ ಎರಡನೆಯ ಗಂಟೆ ಈಗ ಸೂರ್ಯನ ಲೆಕ್ಕದಲ್ಲಿ ಒಂಬತ್ತಕ್ಕೇ ಹೊಡೆಯುತ್ತಿತ್ತು. ನಾವು ಎಂಟಕ್ಕೆಲ್ಲ ಹೊಳೆ ದಾಟಬೇಕು. ಪ್ರತಿ ಪಕ್ಷದಲ್ಲಿ ನಾಲ್ಕೈದು ದಿನ ಆ ಹೊತ್ತಿಗೆ ಸರಿಯಾಗಿ ಇಳ್ತ. ಸಮುದ್ರ ನೀರನ್ನು ಹಿಂದಕ್ಕೆ ಎಳೆದುಕೊಳ್ಳುವುದನ್ನು ನಮ್ಮಲ್ಲಿ ಇಳ್ತ ಎನ್ನುತ್ತಾರೆ. ಬೇಸಗೆಯಲ್ಲಿ ಅದು ಸಾಧು. ಮಳೆಗಾಲದಲ್ಲಿ ಘಟ್ಟದಿಂದ ಬರುವ ಕೆಂಪು ನೆರೆ, ಇತ್ತ ಸಮುದ್ರದ ಎಳೆತ, ಎರಡೂ ಸೇರಿದರೆ ದೋಣಿಗೆ ಉಳಿಗಾಲವಿಲ್ಲ.

"ಇವತ್ ಷಷ್ಠಿ," ಎಂದು ಶೀನಣ್ಣ ಹುಟ್ಟನ್ನು ಮರಳಿನಲ್ಲಿ ಊರಿ ನಿಲ್ಲುತ್ತಿದ್ದ. "ಈಗ ದೋಣಿ ಬಿಟ್ರೆ ಶಾಲಿಗಲ್ಲ, ಸೀದಾ ಸಮುದ್ರದ್ ಅಳಿವಿಗೆ ಹೋಯ್ ನಿಲ್ತಿತ್. ಒಂಚೂರ್ ಕೂಕಣಿ ಮಕ್ಳೆ, ಎಳ್ತ ಸಾಯ್ಲಿ."

ಎಳೆತ ಸತ್ತು ನಾವು ಶಾಲೆ ಮುಟ್ಟುವಾಗ ಗೇಟು ಹಾಕಿರುತ್ತಿತ್ತು. ಹೊಸದಾಗಿ ಬಂದ ಹೆಡ್‌ಮಾಸ್ಟರ ನಿಯಮ ಅದು. ಎರಡನೆಯ ಗಂಟೆಯ ನಂತರ ಬಂದವರು ಆ ದಿನಕ್ಕೆ ಗೈರುಹಾಜರು. ಅವರು ಗಣಿತದವರು, ಘಟ್ಟದಾಚೆಯ ಬಯಲುಸೀಮೆಯಿಂದ ಬಂದವರು, ಸರಪಳಿಯ ಜೇಬುಗಡಿಯಾರ ಇಟ್ಟುಕೊಂಡಿದ್ದರು. ಮೊದಲ ಸಲ ಹೋಗಿ ಹೇಳಿದಾಗ ಅವರು ನಕ್ಕರು.

"ಊರಿಗೊಂದು ದಾರಿಯಾದರೆ ನಿಮಗೊಂದು ದಾರಿಯೇ? ಹೊಳೆಗೆ ಹೋಗಿ ಹೇಳಿ, ಶಾಲೆ ಹತ್ತು ಗಂಟೆಗೆ ಎಂದು."

"ನೀವೇ ಹೇಳಿ ಸಾರ್," ಎಂದೆ. "ನಾವ್ ಹೇಳ್ರೆ ಅದ್ ಕೇಂತಿಲ್ಲೆ."

ಅವರ ನಗು ನಿಂತಿತು. ನನ್ನ ಬಾಯಿಗೆ ಬೀಗ ಇಲ್ಲದ್ದು ಚಿಕ್ಕಂದಿನ ರೋಗ.

ಆಷಾಢದ ಅಂಥದೊಂದು ಬೆಳಿಗ್ಗೆ ನಾವು ಐವರೂ ದೋಣಿಯ ಕಡವಿನಲ್ಲಿ ಮಳೆಗೆ ಎಲೆಯ ಗೊರಬು ಹೊದ್ದು ಕೂತಿದ್ದೆವು. ಶಾಲೆ ಎದುರು ದಂಡೆಯ ಮೇಲೇ ಇತ್ತು. ಜವಾನ ಕಬ್ಬಿಣದ ತುಂಡಿಗೆ ಬಾರಿಸುವ ಗಂಟೆ ನೀರಿನ ಮೇಲಿಂದ ಸ್ಪಷ್ಟವಾಗಿ ಕೇಳುತ್ತಿತ್ತು. ಎರಡನೆಯ ಗಂಟೆ ಹೊಡೆದದ್ದೇ ನನಗೆ ಏನು ಹೊಕ್ಕಿತೋ, ನೋಟು ಪುಸ್ತಕ ತೆಗೆದು, ಐದು ಹೆಸರು ಬರೆದು, ಹಾಜರಿ ಕರೆದೆ. "ಸುಬ್ರಾಯ!" ಸುಬ್ರಾಯ ನಮ್ಮ ನೆರೆಮನೆಯವನು. ಅವನು ಎದ್ದು ನಿಂತು, ಎರಡೂ ಕೈ ಬಾಯಿಗಿಟ್ಟು, ಹೊಳೆಯ ಆಚೆಗೆ ಕೂಗಿದ, "ಪ್ರೆಸೆಂಟ್ ಸಾರ್!" ಆಮೇಲೆ ಒಬ್ಬೊಬ್ಬರೇ. ಕೊನೆಗೆ ನನ್ನ ಹೆಸರು ನಾನೇ ಕರೆದು ನಾನೇ ಕೂಗಿದೆ. ಎದುರು ದಂಡೆಯ ಕಿಟಕಿಗಳಲ್ಲಿ ತಲೆಗಳು ಕಂಡವು. ನಗು ಕೇಳಿತು.

ಅಂದಿನಿಂದ ಇಳ್ತದ ದಿನಗಳಲ್ಲಿ ಇದೇ ಪದ್ಧತಿಯಾಯಿತು. ಪುಸ್ತಕದಲ್ಲಿ ತಾರೀಕು, ತಿಥಿ, ಇಳ್ತದ ಹೊತ್ತು, ದೋಣಿ ಬಿಟ್ಟ ಹೊತ್ತು ಎಲ್ಲ ಬರೆದಿಟ್ಟೆ. ತಿಥಿಯಿಂದ ಹೊತ್ತು ಹೇಳುವ ಲೆಕ್ಕ ಕಲಿಸಿದವನು ಶೀನಣ್ಣ.

"ಅಮಾಸಿ ಹುಣ್ಣಿಮಿ ದಿನ ಬೆಳ್ಗಾಪತಿಗೆ, ಐದ್ ಗಂಟಿಗೆ, ತಳ ಇಳ್ತ. ಅಲ್ಲಿಂದ ತಿಥಿಗೆ ಎರಡ್ ಗಳ್ಗಿ ತಡ ಆತ್ತ್. ಇಷ್ಟೇ ಪದ್ದಮ್ಮ. ಇದಕ್ಕೆ ಹೈಸ್ಕೂಲ್ ಎಂತಕೆ?"

ಎರಡು ಗಳಿಗೆ ಎಂದರೆ ನಲವತ್ತೆಂಟು ನಿಮಿಷ. ನಾನು ಅದನ್ನು ಗಂಟೆಗೆ ತಿರುಗಿಸಿ ನಮ್ಮ ಮನೆಯ ಗೋಡೆಗಡಿಯಾರದ ಜೊತೆ ತಾಳೆ ನೋಡುತ್ತಿದ್ದೆ. ಒಂದು ದಿನವೂ ಕಾಲು ಗಂಟೆಗಿಂತ ಹೆಚ್ಚು ತಪ್ಪಲಿಲ್ಲ.

ಕೂಗಿನ ಸುದ್ದಿಗೆ ಶಿಕ್ಷೆ ಬಂತು. ಹೆಡ್‌ಮಾಸ್ಟರು ತರಗತಿಗೆ ಬಂದು ನಾಲ್ಕೂ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಹುಡುಗಿಯರನ್ನು ಬೆಂಚು ಹತ್ತಿಸುವ ಪದ್ಧತಿ ಇರಲಿಲ್ಲ. ನಾನೇ ಹತ್ತಿದೆ. ಸೀರೆಯ ನೆರಿಗೆ ಎತ್ತಿ ಹಿಡಿದು ಬೆಂಚು ಹತ್ತಿದ ಹುಡುಗಿಯನ್ನು ಆ ಶಾಲೆ ಅಲ್ಲಿಯವರೆಗೆ ಕಂಡಿರಲಿಲ್ಲ. "ಇಳಿ," ಎಂದರು. "ಹಾಜರಿ ಕರೆದವಳು ನಾನು ಸಾರ್," ಎಂದೆ. ಪೀರಿಯಡ್ ಮುಗಿಯುವವರೆಗೂ ಇಳಿಯಲಿಲ್ಲ.

ಮಳೆ ಹೋಯಿತು, ಹೊಳೆ ತಿಳಿಯಾಯಿತು, ಜನವರಿಯಲ್ಲಿ ನೋಟೀಸು ಬೋರ್ಡಿನಲ್ಲಿ ಪಟ್ಟಿ ಬಿತ್ತು. ಹಾಜರಿ ಸಾಲದವರು ಎಂದು ಕುದ್ರುವಿನ ಐದೂ ಹೆಸರು ಅಲ್ಲಿದ್ದವು. ಹೆಡ್‌ಮಾಸ್ಟರು ಕರೆಸಿ ಮೆಲ್ಲನೆ ಒಂದು ದಾರಿ ಹೇಳಿದರು. ಕಾಯಿಲೆಯಾಗಿತ್ತು ಎಂದು ವೈದ್ಯರಿಂದ ಸರ್ಟಿಫಿಕೇಟು ತಂದರೆ ಕೊರತೆಯನ್ನು ಮನ್ನಿಸಬಹುದು, ಅದಕ್ಕೆ ಫಾರಮ್ಮಿದೆ, ಕಾರಣ ಎಂಬ ಖಾನೆಯಲ್ಲಿ ಮಲೇರಿಯಾ ಎಂದು ಬರೆದರೆ ಮುಗಿಯಿತು. ಕರುಣೆಯಿಂದಲೇ ಹೇಳಿದರು. ನಾಲ್ಕು ಹುಡುಗರೂ ಮರುದಿನವೇ ತಂದರು.

"ಬರೀ ಒಂದ್ ಕಾಗ್ದ, ಹೆಣೆ ಪದ್ದು," ಎಂದ ಸುಬ್ರಾಯ. "ಜ್ವರ ಅಂದ್ರೆ ಎಂತ ಬಾಯಿ ಸುಡ್ತಿತಾ?"

ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನ ಮನೆಯಲ್ಲಿ ಅವನೇ ದೊಡ್ಡ ಮಗ. ಆದರೆ ನನಗೆ ಆಗಲಿಲ್ಲ. ಆ ಎಲ್ಲ ದಿನಗಳಲ್ಲಿ ನಾನು ಮಿಂದು, ಗಂಜಿ ಉಂಡು, ಪುಸ್ತಕ ಕಟ್ಟಿಕೊಂಡು, ನೀರಿನ ಅಂಚಿನಲ್ಲಿ ನಿಂತಿದ್ದೆ. ಜ್ವರ ಎಂದು ಬರೆದರೆ ತಪ್ಪು ನನ್ನ ಮೈಯದಾಗುತ್ತದೆ. ಗೇಟು ಹಾಕಿದ್ದು, ಗಂಟೆ ತಿರುಗಿಸಿದ್ದು ಯಾರ ತಪ್ಪೂ ಅಲ್ಲ ಎಂದಾಗುತ್ತದೆ. ಹೊಳೆಯೇ ದಾರಿ ಬಿಟ್ಟರೂ ಗೇಟು ಬಿಡಲಿಲ್ಲ, ದೇವರು ಕೊಟ್ಟರೂ ಪೂಜಾರಿ ಕೊಡ ಎಂದ ಹಾಗೆ. ಆ ಪೂಜಾರಿಯ ಪರವಾಗಿ ನಾನು ಸುಳ್ಳು ಹೇಳಬೇಕೇ?

ಮನೆಗೆ ಹೋಗಿ ಅಬ್ಬಿಗೆ ಹೇಳಿದೆ. ಅವಳು ಮೀನು ಕೊಚ್ಚುತ್ತಿದ್ದಳು. ಗುಲ್ವಾಡಿಯ ಸಂಬಂಧ ಅವಳ ಕಣ್ಣಿಗೂ ಬಂದಿರಬೇಕು, ಉಳಿದ ಮೀನನ್ನೂ ಕೊಚ್ಚಿ ಮುಗಿಸಿದಳು. ಆಮೇಲೆ ಕತ್ತಿ ಕೆಳಗಿಟ್ಟಳು.

"ಈ ಮಳಿಗಾಲ ಇಡೀ ನಿನ್ನ ಎಬ್ಸಿ ಗಂಜಿ ಬಡ್ಸಿ ಕಳ್ಸಿದ್ ನಾನ್. ಜ್ವರ ಬಂದ್ ಮಗಿನ ಹೊಳಿ ಬದಿಗ್ ಕಳ್ಸುಕೆ ನಂಗೇನ್ ಮರ್ಲಾ? ಹೋಗ್, ಆ ಪುಸ್ತಕ ತಕಂಡ್ ಹೋಯ್ ಅವ್ರಿಗೇ ತೋರ್ಸ್."

ತೋರಿಸಿದೆ. ಹೆಡ್‌ಮಾಸ್ಟರು ಕನ್ನಡಕ ಏರಿಸಿ ಪುಟ ತಿರುವಿದರು. "ಕಳೆದ ದಿನಗಳ ಬಗ್ಗೆ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು. ಪಂಚಾಂಗ ನೋಡಿ ಮದುವೆ ಮಾಡಬಹುದು, ನೀರಿನ ಹೊತ್ತು ಹೇಳಲಾಗದು. ಆಗುತ್ತದೆ ಎನ್ನುವುದಾದರೆ ಬರುವ ಸೋಮವಾರ ಬೆಳಿಗ್ಗೆ ನೀರು ಯಾವಾಗ ತಿರುಗುತ್ತದೆ, ಹೇಳು. ನಾನೇ ಬಂದು ನೋಡುತ್ತೇನೆ. ತಪ್ಪಿದರೆ ಮಲೇರಿಯಾ ಎಂದು ಬರೆದುಕೊಡಬೇಕು, ಇಲ್ಲವೇ ಪರೀಕ್ಷೆಯನ್ನು ಮರೆತುಬಿಡು."

ಸೋಮವಾರ ಪಂಚಮಿ. ಐದು ತಿಥಿ, ಹತ್ತು ಗಳಿಗೆ, ಬೆಳಗಿನ ಐದರ ಮೇಲೆ ನಾಲ್ಕು ಗಂಟೆ. "ಒಂಬತ್ತು ಗಂಟೆಗೆ ತಳ ಇಳ್ತ ಸಾರ್. ಅಲ್ಲಿಂದ ನೀರು ಏರುತ್ತದೆ," ಎಂದು ಬರೆದು ರುಜು ಹಾಕಿ ಕೊಟ್ಟೆ.

ಸೋಮವಾರ ಪೇಟೆಯ ಕಡವಿನಲ್ಲಿ ಅರ್ಧ ಶಾಲೆ ನೆರೆದಿತ್ತು. ಹೆಡ್‌ಮಾಸ್ಟರು ಕೊಡೆ ಊರಿಕೊಂಡು, ಗಡಿಯಾರ ಅಂಗೈಯಲ್ಲಿ ಹಿಡಿದು ನಿಂತಿದ್ದರು. ನಾನು ಮತ್ತು ಶೀನಣ್ಣ ಬೇಗನೆ ದಾಟಿ ಬಂದಿದ್ದೆವು. ಹೊಳೆಯ ನಡುವೆ ಲಂಗರು ಹಾಕಿದ ಒಂದು ಮಂಜಿ ಇತ್ತು, ಸರಕು ಸಾಗಿಸುವ ಹಾಯಿಹಡಗು. ನೀರು ಇಳಿಯುವಷ್ಟು ಹೊತ್ತು ಮಂಜಿಯ ಮೂತಿ ಮೂಡಣ ಘಟ್ಟದ ಕಡೆಗಿರುತ್ತದೆ, ನೀರು ತಿರುಗಿತೋ, ಅದೂ ತಿರುಗಿ ಸಮುದ್ರದ ಕಡೆ ಮುಖ ಮಾಡುತ್ತದೆ. ಅದನ್ನೇ ನೋಡಬೇಕೆಂದು ಮಾತಾಗಿತ್ತು.

"ಗಂಟೆ ಒಂಬತ್ತು," ಎಂದರು ಹೆಡ್‌ಮಾಸ್ಟರು.

ಮಂಜಿ ಅಲುಗಲಿಲ್ಲ. ತೆಂಗಿನ ಸಿಪ್ಪೆಗಳು ಸಾಲಾಗಿ ಪಡುವಕ್ಕೇ ಹೋಗುತ್ತಿದ್ದವು. ಒಂಬತ್ತೂ ಕಾಲು. ಒಂಬತ್ತೂವರೆ. ಹುಡುಗರ ಗುಸುಗುಸು ನಗುವಾಯಿತು. ತಿಥಿ ಎಣಿಸಿದ್ದು ತಪ್ಪಿತೇ, ಗಳಿಗೆ ತಪ್ಪಿತೇ ಎಂದು ಮತ್ತೆ ಮತ್ತೆ ಬೆರಳು ಮಡಚಿದೆ. ಕಣ್ಣ ಮುಂದೆ ಗುಲ್ವಾಡಿಯ ಚಪ್ಪರ ಬಂತು.

"ಫಾರಮ್ಮು ಜೇಬಿನಲ್ಲಿದೆ," ಎಂದರು ಅವರು. ಗೆದ್ದ ಸಂತೋಷ ಅವರ ದನಿಯಲ್ಲಿರಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು.

ಶೀನಣ್ಣ ಮಾತ್ರ ಬೀಡಿ ಸೇದುತ್ತ ಕೂತಿದ್ದ. "ಎಂತ ಪದ್ದಮ್ಮ, ಇಷ್ಟ್ ಬೇಗ ಎಂತಕ್ ಕಾಂತ್ರಿ ಎಲ್ಲ? ಹೊತ್ತಿನ್ನೂ ಆಯ್ಲಿಲ್ಲ ಅಲ್ದಾ?"

ಹೊತ್ತು ಆಗಲಿಲ್ಲ! ನಾನು ನೆಲ ನೋಡಿದೆ. ನನ್ನ ನೆರಳು ಎಷ್ಟು ಉದ್ದ ಇತ್ತು! ನಮ್ಮ ಮನೆಯ ಗಡಿಯಾರ ಒಂಬತ್ತು ತೋರಿಸುವಾಗ ಅಷ್ಟು ಉದ್ದ ಇರುವುದಿಲ್ಲ. ಆಗ ಹೊಳೆಯಿತು. ನಮ್ಮ ಮನೆಯ ಗಡಿಯಾರವನ್ನು ಯಾರೂ ಮುಂದೆ ತಿರುಗಿಸಿಯೇ ಇರಲಿಲ್ಲ. ಸರ್ಕಾರದ ಸುದ್ದಿ ಬಂದಾಗ ಅಬ್ಬಿ ಮುಟ್ಟಲು ಬಿಡಲಿಲ್ಲ. "ಅದ್ ನಿಮ್ಮಪ್ಪಯ್ಯ ಇಟ್ ಗಂಟಿ. ಯುದ್ಧ ಮಾಡುವರ್ ಬೇಕಾರೆ ಅವ್ರ ಮನಿ ಗಡಿಯಾರ ತಿರ್ಗ್ಸಲಿ," ಎಂದಿದ್ದಳು. ಶಾಲೆಗೆ ಹೊರಡುವುದು ದೋಣಿ ನೋಡಿ, ಇಳ್ತ ಬರೆಯುವುದು ಆ ಗಡಿಯಾರ ನೋಡಿ. ಬರೆದುಕೊಡುವಾಗ ಒಂದು ಗಂಟೆ ಸೇರಿಸಬೇಕು ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ತಪ್ಪು ನನ್ನದೇ. ಆದರೆ ನೀರಿನದಲ್ಲ.

"ಸಾರ್," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ನಿಮ್ಮ ಗಡಿಯಾರ ಯುದ್ಧಕ್ಕೆ ಹೋಗಿದೆ. ನಮ್ಮ ಹೊಳೆ ಹೋಗಿಲ್ಲ. ಒಂದು ಗಂಟೆ ಕಳೆದು ನೋಡಿ."

ಅವರು ಗಡಿಯಾರ ನೋಡಿದರು, ಕಿವಿಗಿಟ್ಟು ಕೇಳಿದರು, ಮತ್ತೆ ನೋಡಿದರು. ಗಣಿತದವರಲ್ಲವೇ, ಕಳೆಯುವುದು ಗೊತ್ತಿತ್ತು. ದಂಡೆಯಲ್ಲಿ ಬೋರಲು ಹಾಕಿದ್ದ ದೋಣಿಯೊಂದರ ಮೇಲೆ ಕೂತರು. "ಹತ್ತರವರೆಗೆ ಕಾಯೋಣ," ಎಂದರು.

ಮೊದಲನೆಯ ಗಂಟೆ ಹೊಡೆಯಿತು. ಹುಡುಗರು ಹೆಡ್‌ಮಾಸ್ಟರ ಮುಖ ನೋಡಿದರು. ಅವರು ಏಳಲಿಲ್ಲ, ಯಾರೂ ಏಳಲಿಲ್ಲ. ಪಡುವಕ್ಕೆ ಹೋಗುತ್ತಿದ್ದ ಸಿಪ್ಪೆಗಳು ನಿಧಾನವಾದವು, ಒಂದೇ ಕಡೆ ಸುತ್ತತೊಡಗಿದವು. ಎರಡನೆಯ ಗಂಟೆ ಹೊಡೆಯಿತು. ಗಂಟೆಯ ಸದ್ದು ಇನ್ನೂ ನೀರಿನ ಮೇಲಿದ್ದಾಗಲೇ ಆ ದೊಡ್ಡ ಮಂಜಿ, ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ, ಮೆಲ್ಲಗೆ ಮೂತಿ ತಿರುಗಿಸಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸುಬ್ರಾಯ ಮಾತ್ರ ತಲೆ ತಗ್ಗಿಸಿ ನಿಂತಿದ್ದ.

ನಾವೆಲ್ಲ ಶಾಲೆಗೆ ಹೋದಾಗ ಗೇಟು ಹಾಕಿತ್ತು. ಹೆಡ್‌ಮಾಸ್ಟರೂ ಹೊರಗೇ. ಜವಾನ ಒಳಗಿನಿಂದ ಕಂಬಿ ಹಿಡಿದು ಕಂಗಾಲಾಗಿ ನೋಡಿದ. ನನಗೆ ನಗು ತಡೆಯಲಾಗಲಿಲ್ಲ, ಆಶ್ಚರ್ಯವೆಂದರೆ ಅವರಿಗೂ ಬಂತು.

ಅವತ್ತು ಮಧ್ಯಾಹ್ನ ನನ್ನೆದುರೇ ಫಾರಮ್ಮು ತುಂಬಿದರು. ಕಾರಣದ ಖಾನೆಗೆ ಬಂದಾಗ ಲೇಖನಿ ನಿಲ್ಲಿಸಿದರು. "ಇಲಾಖೆ ಒಪ್ಪುವುದಿಲ್ಲ, ಪದ್ಮಾವತಿ." "ಒಪ್ಪದಿದ್ದರೆ ಬೇಡ ಸಾರ್, ನಿಜ ಬರೆಯಿರಿ," ಎಂದೆ. ಇಂಗ್ಲಿಷಿನಲ್ಲಿ ಇಳ್ತ ಎಂದು ಬರೆದರು. ನಿರೀಕ್ಷಿಸಿದ ಹಾಗೆ ಅದು ಹಿಂದೆ ಬಂತು. ಇದು ಯಾವ ಕಾಯಿಲೆ, ವೈದ್ಯರ ಸರ್ಟಿಫಿಕೇಟು ಎಲ್ಲಿ ಎಂದು ಇಲಾಖೆ ಕೇಳಿತ್ತು. ಈಗಲಾದರೂ ಮಲೇರಿಯಾ ಎನ್ನುತ್ತಾರೆ ಎಂದು ನಾನು ಹಲ್ಲು ಕಚ್ಚಿ ನಿಂತೆ. ಅವರು ನನ್ನ ನೋಟು ಪುಸ್ತಕ ಕೇಳಿ ಪಡೆದು, ತಾವೇ ಕಂಡದ್ದನ್ನು ಮೂರು ಪುಟ ಬರೆದು, ಜೊತೆಗಿಟ್ಟು ಕಳಿಸಿದರು. ಪುಸ್ತಕ ತಿರುಗಿ ಬರಲಿಲ್ಲ. ಪರೀಕ್ಷೆಗೆ ನಾಲ್ಕು ದಿನ ಇರುವಾಗ ಅನುಮತಿ ಬಂತು.

ಕೂತೆ, ಪಾಸಾದೆ, ಟೀಚರಾದೆ. ಮಾವ ಯಡ್ತರೆಯಿಂದ ಬಂದು, "ನಿನ್ ಬಾಯಿಗ್ ಗುಲ್ವಾಡಿಯರೇ ಹೆದ್ರುತಿದ್ರ್, ಬದ್ಕಿದ್ರ್ ಪಾಪ," ಎಂದು ಹೇಳಿ ಸೋಲನ್ನು ನುಂಗಿಕೊಂಡರು. ಮೂವತ್ತು ವರ್ಷಕ್ಕೂ ಹೆಚ್ಚು ಪಾಠ ಮಾಡಿದೆ, ದೋಣಿಯಿಂದ ಬರುವ ಮಕ್ಕಳಿಗೆ ಗೇಟು ಹಾಕಲಿಲ್ಲ.

ಒಂದು ಮಾತ್ರ ಉಳಿದಿತ್ತು. ಹಾಜರಿ ಪುಸ್ತಕವನ್ನೂ ಸರಿಮಾಡಿ ಎಂದು ಶಾಲೆ ಮುಗಿಸಿ ಹೊರಡುವ ದಿನ ಕೇಳಿದ್ದೆ. "ದಾಖಲೆಯನ್ನು ತಿದ್ದುವಂತಿಲ್ಲ," ಎಂದಿದ್ದರು ಹೆಡ್‌ಮಾಸ್ಟರು. ಅವರ ಮಾತು ಮೀರಲಿಲ್ಲ, ಅಂದರೆ ಆವತ್ತು ಮೀರಲಿಲ್ಲ.

ಸಮಾರಂಭದ ದಿನ ಆ ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಪುಟ ಹುಡುಕುವುದು ಕಷ್ಟವಾಗಲಿಲ್ಲ. ಐದು ಹೆಸರುಗಳ ಮುಂದೆ ಗೈರುಹಾಜರಿಯ ಕೆಂಪು ಗುರುತುಗಳು. ಷರಾ ಖಾನೆಯಲ್ಲಿ ನಾಲ್ವರಿಗೆ ಮಲೇರಿಯಾ, ನನ್ನದು ಖಾಲಿ. ಆ ನಾಲ್ವರೂ ಈಗ ಇಲ್ಲ. ಸುಬ್ರಾಯ ಹೋಗಿ ಎಷ್ಟೋ ವರ್ಷವಾಯಿತು, ಮಲೇರಿಯಾ ಎಂಬುದು ಅವನಿಗೆ ಜನ್ಮದಲ್ಲಿ ಬಂದಿರಲಿಲ್ಲ. ಕಿಟಕಿಯಿಂದ ಕೆಸರಿನ ವಾಸನೆ ಬರುತ್ತಲೇ ಇತ್ತು, ಮೈಕಿನಲ್ಲಿ ವಿನಯದ ಭಾಷಣ ಮುಂದುವರಿದಿತ್ತು. ಅಲ್ಲಿ ನಿಂತಿದ್ದ ಎಳೆಯ ಟೀಚರಮ್ಮನ ಕೈಯಿಂದ ಪೆನ್ನು ಇಸಕೊಂಡೆ. ನಾಲ್ಕು ಮಲೇರಿಯಾಗಳನ್ನು ಹೊಡೆದುಹಾಕಿ, ಐದೂ ಸಾಲಿನ ಮುಂದೆ, ಓದಲು ಬರುವಂತೆ, "ಇಳ್ತ" ಎಂದು ಬರೆದೆ.

"ಅಯ್ಯೋ ಅಮ್ಮಾ, ಎಂತ ಮಾಡಿದ್ರಿ! ಅದು ದಾಖಲೆ!" ಎಂದು ಆಕೆ ನನ್ನ ಕೈ ಹಿಡಿದಳು.

"ಹೌದ್ ಮಗಾ," ಎಂದೆ, ಪೆನ್ನಿನ ಮುಚ್ಚಳ ಹಾಕಿ ಕೊಡುತ್ತ. "ಅದ್ಕೇ ಬರ್ದದ್."